ಅಪ್ಪ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿದಾಗ: ಬೆಳೆದ ಮಕ್ಕಳಿಗೊಂದು ಮಾರ್ಗದರ್ಶಿ

“ಅಮ್ಮ ಹೋಗಿ ಒಂದೂವರೆ ವರ್ಷ ಆಯ್ತು. ಈಗೀಗ ಅಪ್ಪ ಫೋನ್ ಬಂದ್ರೆ ಬಾಗಿಲು ಹಾಕ್ಕೊಂಡು ಮಾತಾಡ್ತಾರೆ. ಕೇಳೋದಾ, ಬೇಡ್ವಾ?”

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೆಲವರು ಅಳುತ್ತಾ ಕೇಳುತ್ತಾರೆ. ಕೆಲವರು ಎರಡನೇ ಸಾಲಿಗೇ ಮನೆ ಯಾರ ಹೆಸರಲ್ಲಿದೆ ಅಂತ ಶುರು ಮಾಡುತ್ತಾರೆ. ಇನ್ನು ಕೆಲವರು ಅಪ್ಪನ ಫೋನ್ ಆಗಲೇ ನೋಡಿಬಿಟ್ಟಿರುತ್ತಾರೆ, ಈಗ ನೋಡಿದ್ದನ್ನು ಏನು ಮಾಡಬೇಕು ಅಂತ ತಿಳಿಯದೆ ಒದ್ದಾಡುತ್ತಿರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಹೆಂಡತಿ ತೀರಿಕೊಂಡವರಿಗೆ ನಮ್ಮಲ್ಲಿ ‘ವಿಧುರ’ ಅನ್ನುವ ಪದ ಇದೆ. ಆದರೆ ಅದನ್ನು ದಿನದ ಮಾತಲ್ಲಿ ಯಾರು ಬಳಸುತ್ತಾರೆ ಹೇಳಿ? ‘ವಿಧವೆ’ ಎಲ್ಲರಿಗೂ ಗೊತ್ತು, ‘ವಿಧುರ’ ನಿಘಂಟಿನಲ್ಲೇ ಉಳಿದುಬಿಟ್ಟಿದೆ. ಹಾಗಾಗಿ ಇಲ್ಲಿ ಸುಮ್ನೆ ‘ಅಪ್ಪ’ ಅಂತಲೇ ಬರೆಯುತ್ತೇನೆ. ಅವರ ಬದುಕಿಗೆ ಬಂದಿರುವವರನ್ನು ‘ಹೊಸಬರು’ ಅನ್ನುತ್ತೇನೆ. ಇದು ಹದಿನೆಂಟು ದಾಟಿದ ಮಕ್ಕಳಿಗಾಗಿ ಬರೆದದ್ದು. ಮನೆಯಲ್ಲಿ ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ಎಂಟನೇ ಹಂತವನ್ನು ಬಿಡದೆ ಓದಿ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ಹಾಳೆ, ಒಂದು ಪೆನ್ನು. ಫೋನಿನ ನೋಟ್ಸ್ ಬೇಡ, ಅದು ಯಾವಾಗ ಯಾರ ಕಣ್ಣಿಗೆ ಬೀಳುತ್ತದೋ ಹೇಳಲಾಗದು. ಮನೆಗೆ ಸಂಬಂಧಪಡದ ಒಬ್ಬ ಸ್ನೇಹಿತರು ಬೇಕು. ನಿಮ್ಮ ಸಿಟ್ಟನ್ನೆಲ್ಲ ಮೊದಲು ಕೇಳಿಸಿಕೊಳ್ಳುವ ಕೆಲಸ ಅವರದು. ಜೊತೆಗೆ ಎರಡು ಮೂರು ವಾರ ಸಮಯ ಇಟ್ಟುಕೊಳ್ಳಿ. ಹಣಕ್ಕೆ ಅಪಾಯ ಇರುವ ಸಂದರ್ಭ (ಐದನೇ ಹಂತ) ಬಿಟ್ಟರೆ ಇದರಲ್ಲಿ ಇವತ್ತೇ ಮಾಡಿ ಮುಗಿಸಬೇಕಾದದ್ದು ಏನೂ ಇಲ್ಲ.

1. ಕಂಡದ್ದು ಒಂದು ಕಡೆ, ಅಂದುಕೊಂಡದ್ದು ಇನ್ನೊಂದು ಕಡೆ

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. “ಫೋನನ್ನು ಮಗುಚಿ ಇಡುತ್ತಾರೆ.” “ಎರಡು ವರ್ಷದಿಂದ ಮುಟ್ಟದ ನೀಲಿ ಅಂಗಿಗೆ ಮೊನ್ನೆ ತಾವೇ ಇಸ್ತ್ರಿ ಹಾಕಿದರು, ಕಾಲರ್ ಎರಡು ಸಲ ತಿದ್ದಿದರು.” “ಭಾನುವಾರ ನಾಲ್ಕಕ್ಕೆ ಹೋದವರು ಎಂಟಕ್ಕೆ ಬಂದರು, ಎಲ್ಲಿಗೆ ಅಂತ ಹೇಳಲಿಲ್ಲ.” ಬಲಕ್ಕೆ ಅದರಿಂದ ನೀವು ಊಹಿಸಿದ್ದನ್ನು ಬರೆಯಿರಿ.

ಸಾಮಾನ್ಯವಾಗಿ ಎಡಗಡೆ ನಾಲ್ಕೇ ಸಾಲು ಬರುತ್ತದೆ, ಬಲಗಡೆ ಪುಟ ತುಂಬುತ್ತದೆ. ಅದು ಗೊತ್ತಾದರೆ ಈ ಹಂತ ಮುಗಿಯಿತು.

ಎಚ್ಚರಿಕೆ: ಎಡಗಡೆ ಪಟ್ಟಿ ಬೆಳೆಸಬೇಕು ಅಂತ ಫೋನ್, ಬೀರು, ಬ್ಯಾಂಕ್ ಮೆಸೇಜ್ ತಡಕಬೇಡಿ. ಕದ್ದು ಓದಿದ್ದನ್ನು ಮುಂದೆ ಮಾತಿನಲ್ಲಿ ಬಳಸಲು ಆಗುವುದಿಲ್ಲ. ಬಳಸಿದಿರೋ, ಮಾತು ಅಪ್ಪನ ವಿಷಯ ಬಿಟ್ಟು ನೀವು ಫೋನ್ ನೋಡಿದ ವಿಷಯಕ್ಕೆ ತಿರುಗುತ್ತದೆ. ಆಗ ಅಪ್ಪ ಸಿಟ್ಟಾದರೆ ಅದು ನ್ಯಾಯವೇ.

2. ಮೂರು ಡಬ್ಬಿ: ಖಾಸಗಿ, ಗುಟ್ಟು, ಅಪಾಯ

ಈಗ ಬರೆದ ಒಂದೊಂದು ಸಾಲನ್ನೂ ಮೂರರಲ್ಲಿ ಒಂದಕ್ಕೆ ಹಾಕಿ.

ಖಾಸಗಿ ಅಂದರೆ ಹೇಳದಿದ್ದರೂ ನಿಮ್ಮ ಬದುಕಿಗೆ ಏನೂ ವ್ಯತ್ಯಾಸವಾಗದ ವಿಷಯ. ಅಪ್ಪ ಯಾರ ಜೊತೆ ಕಾಫಿ ಕುಡಿದರು, ಏನು ಮೆಸೇಜ್ ಮಾಡಿದರು, ಅವರಿಬ್ಬರ ಸಲಿಗೆ ಎಷ್ಟು, ಎಲ್ಲ ಇದರಲ್ಲೇ ಬರುತ್ತದೆ. ನಿಮ್ಮ ಗಂಡ ಹೆಂಡತಿ ವಿಷಯವನ್ನು ನೀವು ಅಪ್ಪನಿಗೆ ಹೇಳುತ್ತೀರಾ? ಇಲ್ಲ, ಅಲ್ವಾ?

ಗುಟ್ಟು ಅಂದರೆ ಮುಚ್ಚಿಟ್ಟಿದ್ದರಿಂದ ಇನ್ನೊಬ್ಬರ ಬದುಕಿನ ತೀರ್ಮಾನ ತಪ್ಪಾಗುವಂಥದ್ದು. ಮದುವೆ ಆಗಲೇ ಆಗಿಹೋಗಿರುವುದು, ಮನೆ ಮಾರುವ ಮಾತುಕತೆ ನಡೆದಿರುವುದು, ನಿಮಗೆ ಗೊತ್ತಿಲ್ಲದ ಅಣ್ಣನೋ ಅಕ್ಕನೋ ಇರುವುದು, ವಂಶದಲ್ಲಿ ಬರುವ ಕಾಯಿಲೆ. ಇದನ್ನು ತಿಳಿಯುವ ಹಕ್ಕು ನಿಮಗಿದೆ.

ಅಪಾಯ ಅಂದರೆ ಅಪ್ಪನಿಗೇ ಪೆಟ್ಟು ಬೀಳುವಂಥದ್ದು.

ಈ ವಿಂಗಡಣೆ ಮಾಡದೆ ಮಾತಿಗೆ ಕೂತರೆ ಮೂರೂ ಕಲಸಿಹೋಗುತ್ತವೆ. ನೀವು ಖಾಸಗಿ ವಿಷಯ ಕೆದಕುತ್ತೀರಿ, ಅಪ್ಪ ಅದರ ಜೊತೆ ಗುಟ್ಟನ್ನೂ ಸೇರಿಸಿ ಬಾಗಿಲು ಹಾಕುತ್ತಾರೆ. ನನ್ನನ್ನು ಕೇಳಿದರೆ ಇಂಥ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲಿ.

3. ನಿಮ್ಮ ದುಃಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

“ಇಷ್ಟು ಬೇಗನಾ?” ಅನ್ನುವ ಪ್ರಶ್ನೆ ನಿಮ್ಮ ತಲೆಯಲ್ಲಿ ಓಡುತ್ತಿರುತ್ತದೆ. ಎಷ್ಟು ತಿಂಗಳಾದರೆ ಸರಿ? ಇದಕ್ಕೆ ಲೆಕ್ಕ ಇಲ್ಲ. ಆದರೆ ನಿಮ್ಮ ಗಡಿಯಾರವೂ ಅಪ್ಪನ ಗಡಿಯಾರವೂ ಬೇರೆ ಬೇರೆ ವೇಗದಲ್ಲಿ ಓಡುವುದಕ್ಕೆ ಕಾರಣಗಳಿವೆ.

ಒಂದು, ನಷ್ಟದ ಭಾರ ಬೇರೆ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಅನ್ನುವ ಇಬ್ಬರು ಮನೋವೈದ್ಯರು ಬದುಕಿನ 43 ಘಟನೆಗಳು ಎಷ್ಟೆಷ್ಟು ಒತ್ತಡ ತರುತ್ತವೆ ಅಂತ ಅಂಕ ಕೊಟ್ಟು ಪಟ್ಟಿ ಮಾಡಿದರು. ಸಂಗಾತಿಯ ಸಾವು ಎಲ್ಲಕ್ಕಿಂತ ಮೇಲೆ, 100 ಅಂಕ. ಹತ್ತಿರದ ಬಂಧುವಿನ ಸಾವಿಗೆ 63. ಇನ್ನೊಂದು ವಿಷಯ: ಮದುವೆಗೂ 50 ಅಂಕ ಇದೆ, ಕೆಲಸದಿಂದ ನಿವೃತ್ತಿಗೆ 45. ಅಂದರೆ ನಿವೃತ್ತಿ, ಹೆಂಡತಿಯ ಸಾವು, ಹೊಸ ಮದುವೆ ಮೂರೂ ಎರಡು ವರ್ಷದೊಳಗೆ ಬಂದರೆ ಖುಷಿಯಾಗಿ ಕಾಣುವ ಅಪ್ಪನೂ ಒಳಗೆ ಸಾಕಷ್ಟು ಹೊತ್ತಿರುತ್ತಾರೆ. ಈ ಅಂಕಗಳನ್ನು ತಕ್ಕಡಿ ಮಾಡಿಕೊಂಡು ಯಾರ ದುಃಖ ದೊಡ್ಡದು ಅಂತ ತೂಗಲು ಹೋಗಬೇಡಿ, ಅದು ಅದಕ್ಕಾಗಿ ಮಾಡಿದ ಪಟ್ಟಿ ಅಲ್ಲ.

ಎರಡು, ದುಃಖ ಮೆಟ್ಟಿಲಿನ ಹಾಗೆ ಒಂದಾದ ಮೇಲೆ ಒಂದು ಬರುವುದಿಲ್ಲ. ನಿರಾಕರಣೆ, ಸಿಟ್ಟು, ಚೌಕಾಸಿ, ಕುಗ್ಗುವಿಕೆ, ಒಪ್ಪಿಕೊಳ್ಳುವುದು ಅಂತ ಐದು ಘಟ್ಟ ನೀವು ಕೇಳಿರಬಹುದು. ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಕಳೆದುಕೊಂಡವರು ಇದೇ ಕ್ರಮದಲ್ಲಿ ಹೋಗಬೇಕು ಅಂತ ಅಲ್ಲ. ನನಗೆ ಇದಕ್ಕಿಂತ ಉಪಯೋಗ ಅನ್ನಿಸಿದ್ದು 1999ರಲ್ಲಿ ಸ್ಟ್ರೋಬ ಮತ್ತು ಸ್ಖುಟ್ ಅನ್ನುವ ಇಬ್ಬರು ಸಂಶೋಧಕರು ಮುಂದಿಟ್ಟ ವಿವರಣೆ. ಕಳೆದುಕೊಂಡವರು ಎರಡು ದಡಗಳ ನಡುವೆ ಓಡಾಡುತ್ತಿರುತ್ತಾರೆ ಅಂತ ಅವರು ಹೇಳುತ್ತಾರೆ. ಒಂದು ದಡದಲ್ಲಿ ನೆನಪು, ಅಳು. ಇನ್ನೊಂದು ದಡದಲ್ಲಿ ಹೊಸ ದಿನಚರಿ, ಹೊಸ ಜನ. ಬೆಳಿಗ್ಗೆ ಅಮ್ಮನ ಕನ್ನಡಕ ಕೈಯಲ್ಲಿ ಹಿಡಿದು ಕೂತಿದ್ದ ಅಪ್ಪ ಸಂಜೆ ಫೋನಿನಲ್ಲಿ ನಗಬಹುದು. ಎರಡೂ ನಿಜ. ಸಂಜೆಯ ನಗುವಿನಿಂದ ಬೆಳಗಿನ ಅಳು ಸುಳ್ಳಾಗುವುದಿಲ್ಲ.

ಮೂರು, ಅಮ್ಮ ತುಂಬಾ ದಿನ ಹಾಸಿಗೆ ಹಿಡಿದಿದ್ದರೆ ಅಪ್ಪನ ದುಃಖ ಅಮ್ಮ ಬದುಕಿದ್ದಾಗಲೇ ಶುರುವಾಗಿರುತ್ತದೆ. ಔಷಧಿ ಕೊಟ್ಟು, ಹಾಸಿಗೆ ಬದಲಾಯಿಸಿ, ರಾತ್ರಿ ಉಸಿರು ಎಣಿಸುತ್ತಾ ಕೂತಿದ್ದವರು ಅವರು. ನೀವು ದೂರದ ಊರಲ್ಲಿದ್ದರೆ ನಿಮಗೆ ಸಾವು ಒಂದು ದಿನ ಬಂತು. ಅವರಿಗೆ ಮೂರು ವರ್ಷ ಬಂತು.

ಇಷ್ಟೆಲ್ಲ ಅರ್ಥವಾದರೂ ಹೊಟ್ಟೆಯಲ್ಲಿ ಸಂಕಟ ಹೋಗದೆ ಇರಬಹುದು. ಪರವಾಗಿಲ್ಲ. “ನನಗೆ ಕಷ್ಟ ಆಗ್ತಿದೆ” ಅನ್ನುವುದು ಬೇರೆ, “ನೀವು ತಪ್ಪು ಮಾಡ್ತಿದ್ದೀರಿ” ಅನ್ನುವುದು ಬೇರೆ. ಮುಂದಿನ ಹಂತಕ್ಕೆ ಮೊದಲನೆಯದನ್ನು ಮಾತ್ರ ತೆಗೆದುಕೊಂಡು ಹೋಗಿ. ಒಂದು ವರ್ಷದ ಮೇಲೂ ನಿಮಗೆ ನಿದ್ದೆ, ಊಟ, ಕೆಲಸ ಯಾವುದೂ ಸರಿ ಹೋಗದಿದ್ದರೆ ಮೊದಲು ನೀವೇ ಆಪ್ತಸಮಾಲೋಚಕರನ್ನು ನೋಡಿ.

4. ಮೊದಲ ಮಾತು

ಯಾರು ಮಾತಾಡಬೇಕು? ಒಬ್ಬರೇ. ಮೂವರು ಮಕ್ಕಳು ಸೋಫಾದಲ್ಲಿ ಸಾಲಾಗಿ ಕೂತು ಎದುರಿಗೆ ಅಪ್ಪನನ್ನು ಕೂರಿಸಿದರೆ ಅದು ಪಂಚಾಯಿತಿ. ಅಪ್ಪನ ಜೊತೆ ಯಾರಿಗೆ ಸಲಿಗೆ ಜಾಸ್ತಿಯೋ ಅವರು ಹೋಗಲಿ. ದೊಡ್ಡವರೇ ಆಗಬೇಕೆಂದಿಲ್ಲ.

ಎಲ್ಲಿ? ಎದುರುಬದುರು ಕೂರುವ ಜಾಗ ಬೇಡ. ವಾಕಿಂಗ್ ಹೋಗುವಾಗ, ಕಾರಿನಲ್ಲಿ, ಪಾತ್ರೆ ಒರೆಸುವಾಗ. ಕಣ್ಣು ಬೇರೆ ಕಡೆ ಇದ್ದರೆ ಬಾಯಿ ಬೇಗ ಬಿಚ್ಚುತ್ತದೆ. ಅಮ್ಮನ ಹುಟ್ಟುಹಬ್ಬ, ತೀರಿಕೊಂಡ ದಿನ, ಅವರ ಮದುವೆಯ ದಿನ, ಈ ಮೂರರ ಹಿಂದೆ ಮುಂದೆ ಒಂದು ವಾರ ಬಿಟ್ಟುಬಿಡಿ.

ಏನು ಹೇಳಬೇಕು? ಹೆಚ್ಚುಕಡಿಮೆ ಹೀಗೆ:

“ಅಪ್ಪಾ, ಒಂದು ವಿಷಯ ಕೇಳ್ಲಾ? ಉತ್ತರ ಇವತ್ತೇ ಬೇಕು ಅಂತೇನಿಲ್ಲ. ನಿಮ್ಮ ಬದುಕಲ್ಲಿ ಯಾರಾದ್ರೂ ಇದ್ರೆ ನಂಗೆ ಹೇಳಬಹುದು. ನಂಗೆ ಸ್ವಲ್ಪ ಕಷ್ಟ ಆಗಬಹುದು. ಆದ್ರೂ ಏನೂ ಗೊತ್ತಿಲ್ದೆ ಇರೋದಕ್ಕಿಂತ ಅದೇ ವಾಸಿ.”

ಇಷ್ಟೇ. ಆಮೇಲೆ ಸುಮ್ಮನಿರಿ. ಸುಮ್ಮನಿರುವುದೇ ಇದರಲ್ಲಿ ಕಷ್ಟದ ಭಾಗ. ಅರ್ಧ ನಿಮಿಷದ ಮೌನ ಅರ್ಧ ಗಂಟೆ ಅನ್ನಿಸುತ್ತದೆ. ಅದನ್ನು ತುಂಬಲು ಹೋಗಿ “ಅಲ್ಲ, ನಾನು ತಪ್ಪು ತಿಳ್ಕೊಂಡಿರಬಹುದು, ಬಿಡಿ” ಅಂದುಬಿಟ್ಟರೆ ತೆರೆಯುತ್ತಿದ್ದ ಬಾಗಿಲನ್ನು ನೀವೇ ಎಳೆದುಕೊಂಡ ಹಾಗೆ.

ಒಂದು ಸಣ್ಣ ವಿಷಯ. ಅಪ್ಪನನ್ನು ಯಾವತ್ತೂ ‘ನೀನು’ ಅನ್ನುವವರು ಅವತ್ತೂ ‘ನೀನು’ ಅಂತಲೇ ಮಾತಾಡಿ. ಅವತ್ತೊಂದು ದಿನ ‘ನೀವು’ ಅಂದರೆ ಅಪ್ಪನಿಗೆ ಕಟಕಟೆಯಲ್ಲಿ ನಿಂತ ಹಾಗಾಗುತ್ತದೆ.

ಹೇಳಬಾರದ ಮಾತುಗಳು: “ಅಮ್ಮ ಇದ್ದಿದ್ರೆ ಏನಂದ್ಕೋತಿದ್ರು?” “ಈ ವಯಸ್ಸಲ್ಲಿ ಇದೆಲ್ಲ ಬೇಕಾ?” “ಜನ ಏನಂತಾರೆ?” ಮೊದಲನೆಯದು ಎಲ್ಲಕ್ಕಿಂತ ಕೆಟ್ಟದ್ದು. ಆ ಪ್ರಶ್ನೆಯನ್ನು ಅಪ್ಪ ತಮಗೆ ತಾವೇ ನೂರು ಸಲ ಕೇಳಿಕೊಂಡಿರುತ್ತಾರೆ.

“ಇಲ್ಲ, ಏನಿಲ್ಲ” ಅಂದರೆ? “ಸರಿ” ಅನ್ನಿ, ಮಾತು ಬದಲಿಸಿ. ಮೊದಲ ಹಂತದಲ್ಲಿ ಬರೆದ ಸಾಕ್ಷಿಗಳ ಪಟ್ಟಿಯನ್ನು ಜೇಬಿನಿಂದ ತೆಗೆಯಬೇಡಿ. ಎಷ್ಟೋ ಅಪ್ಪಂದಿರು ಅವತ್ತು ‘ಇಲ್ಲ’ ಅಂದು, ಹತ್ತು ದಿನ ಬಿಟ್ಟು ಊಟದ ನಡುವೆ ತಾವಾಗಿಯೇ ಹೇಳುತ್ತಾರೆ.

“ಹೌದು, ಆದ್ರೆ ನಿನ್ನ ತಮ್ಮಂಗೆ ಹೇಳ್ಬೇಡ” ಅಂದರೆ? ಇಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ಇದಕ್ಕೆ ಕುಟುಂಬ ಚಿಕಿತ್ಸೆಯ ಭಾಷೆಯಲ್ಲಿ ‘ತ್ರಿಕೋನ’ ಅನ್ನುತ್ತಾರೆ. ಇಬ್ಬರ ನಡುವಿನ ಮಾತನ್ನು ಅವರಿಬ್ಬರೇ ಆಡದೆ ಮೂರನೆಯವರ ತಲೆಗೆ ಕಟ್ಟುವುದು. ಹೊಸ ವಿಷಯ ತಿಳಿದ ಖುಷಿಯಲ್ಲಿ, ಅಪ್ಪ ನನ್ನನ್ನೇ ನಂಬಿದರು ಅನ್ನುವ ಹೆಮ್ಮೆಯಲ್ಲಿ, “ಆಯ್ತು” ಅಂದುಬಿಡುತ್ತೀರಿ. ಆರು ತಿಂಗಳ ಮೇಲೆ ತಮ್ಮನಿಗೆ ಗೊತ್ತಾದಾಗ ಅವನ ಸಿಟ್ಟು ಅಪ್ಪನ ಮೇಲಿಗಿಂತ ನಿಮ್ಮ ಮೇಲೇ ಜಾಸ್ತಿ ಇರುತ್ತದೆ. ಹಾಗಾಗಿ ಹೀಗೆ ಹೇಳಿ: “ನಾನಾಗಿ ಹೇಳಲ್ಲ. ಆದ್ರೆ ಅವನು ನೇರವಾಗಿ ಕೇಳಿದ್ರೆ ಸುಳ್ಳು ಹೇಳಲ್ಲ. ನೀವೇ ಯಾವಾಗ ಹೇಳ್ತೀರಿ? ಮುಂದಿನ ತಿಂಗಳು ಅವನು ಬಂದಾಗ?” ಒಂದು ತಾರೀಖು ಇರಲಿ. ತಾರೀಖು ಇಲ್ಲದ ಗುಟ್ಟನ್ನು ಒಪ್ಪಿಕೊಳ್ಳಬೇಡಿ.

ಈ ಲೇಖನವನ್ನು ಅಪ್ಪಂದಿರೇ ಓದುತ್ತಿದ್ದರೆ ಒಂದು ಮಾತು. ಎಲ್ಲ ಮಕ್ಕಳಿಗೂ ಒಂದೇ ವಾರದಲ್ಲಿ, ನಿಮ್ಮ ಬಾಯಿಂದಲೇ ಹೇಳಿ. ಒಬ್ಬರಿಗೆ ಫೋನಿನಲ್ಲಿ, ಒಬ್ಬರಿಗೆ ಫೋಟೊ ನೋಡಿ, ಒಬ್ಬರಿಗೆ ಅತ್ತೆ ಮೂಲಕ ತಿಳಿದರೆ ಆ ನೋವು ಹೊಸಬರ ಮೇಲೆ ತಿರುಗುತ್ತದೆ, ಅವರ ತಪ್ಪು ಏನೂ ಇಲ್ಲದಿದ್ದರೂ.

5. ಅಪಾಯದ ಗುರುತುಗಳನ್ನು ನೋಡಿ

ಇದು ಚಿಕ್ಕ ಹಂತ, ಆದರೆ ಬಿಡಬೇಡಿ. ಒಂಟಿಯಾಗಿರುವ ಹಿರಿಯರನ್ನು ಹುಡುಕಿಕೊಂಡು ಬರುವ ಪ್ರೇಮದ ಹೆಸರಿನ ಮೋಸಗಳು ಎಲ್ಲ ದೇಶಗಳಲ್ಲೂ ಇವೆ. ಅವುಗಳ ರೀತಿ ಹೆಚ್ಚುಕಡಿಮೆ ಒಂದೇ. ಆನ್‌ಲೈನಿನಲ್ಲೇ ಪರಿಚಯ. ಕೆಲವೇ ದಿನಗಳಲ್ಲಿ ಅತಿಯಾದ ಪ್ರೀತಿ. ಮಾತು ಬೇಗನೆ ಬೇರೆ ಆ್ಯಪಿಗೆ ಹೋಗುತ್ತದೆ. ಭೇಟಿ ಅಂದಾಗೆಲ್ಲ ಕೊನೇ ಗಳಿಗೆಯಲ್ಲಿ ಏನೋ ಅಡ್ಡಿ. ಆಮೇಲೆ ಹಣ. ಆಸ್ಪತ್ರೆ ಬಿಲ್, ವಿಮಾನದ ಟಿಕೆಟ್, ಸುಂಕದವರು ಹಿಡಿದಿಟ್ಟ ಪಾರ್ಸೆಲ್, ಇಲ್ಲವೇ ‘ನಾವಿಬ್ಬರೂ ಸೇರಿ’ ಕ್ರಿಪ್ಟೊದಲ್ಲಿ ಹೂಡಿಕೆ. “ಮಕ್ಕಳಿಗೆ ಈಗಲೇ ಹೇಳಬೇಡಿ” ಅನ್ನುವ ಮಾತೂ ಬರುತ್ತದೆ.

ವಿಡಿಯೊ ಕಾಲ್‌ನಲ್ಲಿ ಮುಖ ಕಂಡಿತು ಅಂತ ನಂಬಬೇಡಿ. ಈಗ ಮುಖವನ್ನೂ ದನಿಯನ್ನೂ ಕಂಪ್ಯೂಟರಿನಲ್ಲೇ ಸೃಷ್ಟಿಸಬಹುದು. ಎದುರಿಗೆ ಒಮ್ಮೆಯೂ ನೋಡದವರಿಗೆ ಹಣ ಹೋಗಿದ್ದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿಸಿ, ಆಮೇಲೆ ಪೊಲೀಸರಿಗೆ ದೂರು. ಮೆಸೇಜ್‌ಗಳನ್ನು ಅಳಿಸಬೇಡಿ. ಅಪ್ಪನನ್ನು ದಡ್ಡ ಅನ್ನಬೇಡಿ. ನಾಚಿಕೆಯಾದರೆ ಎರಡನೇ ಸಲ ಕಳಿಸಿದ ಹಣದ ವಿಷಯ ಹೇಳುವುದೇ ಇಲ್ಲ.

ಇನ್ನೊಂದು ಗುರುತು ಹೊಸಬರಿಗೆ ಸಂಬಂಧಪಟ್ಟದ್ದೇ ಅಲ್ಲ. ಅಪ್ಪನ ಸ್ವಭಾವವೇ ಪೂರ್ತಿ ಬದಲಾಗಿದ್ದರೆ, ಅಂದರೆ ನಾಚಿಕೆ ಸ್ವಭಾವದವರು ಅಪರಿಚಿತರ ಜೊತೆ ಅತಿ ಸಲಿಗೆಯಿಂದ ನಡೆದುಕೊಂಡರೆ, ಲೆಕ್ಕ ಬರೆದಿಡುತ್ತಿದ್ದವರು ಮನಬಂದಂತೆ ಖರ್ಚು ಮಾಡಿದರೆ, ನಿಮ್ಮ ನೋವು ಅವರಿಗೆ ತಟ್ಟುವುದೇ ಇಲ್ಲ ಅನ್ನಿಸಿದರೆ, ನರರೋಗ ವೈದ್ಯರಿಗೆ ತೋರಿಸಿ. ಮೆದುಳಿನ ಮುಂಭಾಗ ಸವೆಯುವ ಒಂದು ಬಗೆಯ ಡಿಮೆನ್ಷಿಯಾ ಇದೆ. ಅದರಲ್ಲಿ ಮರೆವಿಗಿಂತ ಮೊದಲು ನಡತೆ ಬದಲಾಗುತ್ತದೆ. ಹೆಚ್ಚಾಗಿ 45ರಿಂದ 65 ವಯಸ್ಸಿನ ನಡುವೆ ಕಾಣಿಸಿಕೊಳ್ಳುತ್ತದೆ. ಹಾಗಂತ ಪ್ರೀತಿಯಲ್ಲಿ ಬಿದ್ದ ಅಪ್ಪನನ್ನೆಲ್ಲ ಸ್ಕ್ಯಾನ್‌ಗೆ ಎಳೆದುಕೊಂಡು ಹೋಗಬೇಡಿ ಮತ್ತೆ!

6. ಕಾಗದಪತ್ರದ ಮಾತಿಗೆ ಬೇರೆ ದಿನ

ಪ್ರೀತಿಯ ಮಾತು, ಆಸ್ತಿಯ ಮಾತು ಒಂದೇ ದಿನ ಬೇಡ. ಕನಿಷ್ಠ ಎರಡು ವಾರದ ಅಂತರ ಇರಲಿ. ಆದರೆ ಆಸ್ತಿಯ ಮಾತೇ ಆಡಬಾರದು ಅನ್ನುವವರ ಮಾತನ್ನೂ ಕೇಳಬೇಡಿ. ಆಡದೆ ಬಿಟ್ಟರೆ ಮುಂದೆ ನೀವೂ ಹೊಸಬರೂ ಕೋರ್ಟಿನಲ್ಲಿ ಎದುರುಬದುರಾಗುತ್ತೀರಿ.

ಅಪ್ಪ ಯೋಚಿಸಬೇಕಾದ ಪ್ರಶ್ನೆಗಳು ಇವು. ಹಳೆಯ ಉಯಿಲು ಇದೆಯಾ, ಮದುವೆಯಾದರೆ ಅದು ಉಳಿಯುತ್ತದಾ? ಇದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಂಗ್ಲೆಂಡಿನ 1837ರ ಉಯಿಲು ಕಾಯ್ದೆ ಪ್ರಕಾರ ಮದುವೆಗೆ ಮೊದಲು ಬರೆದ ಉಯಿಲು ಸಾಮಾನ್ಯವಾಗಿ ರದ್ದಾಗುತ್ತದೆ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಹಾಗಿಲ್ಲ. ಭಾರತದ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ಮದುವೆಯಿಂದ ಉಯಿಲು ರದ್ದಾಗುವ ನಿಯಮ ಇದೆ, ಆದರೆ ಹಿಂದೂಗಳು ಬರೆದ ಉಯಿಲಿಗೆ ವಿನಾಯಿತಿ. ಹಾಗಾಗಿ ಗೆಳೆಯರು ಹೇಳಿದ್ದನ್ನು ನಂಬದೆ ನೀವಿರುವ ಕಡೆಯ ವಕೀಲರನ್ನೇ ಕೇಳಿ.

ಎರಡನೆಯದು, ಬ್ಯಾಂಕ್, ವಿಮೆ, ಪಿಂಚಣಿಯಲ್ಲಿ ನಾಮಿನಿ ಯಾರು? ಎಷ್ಟೋ ಮನೆಗಳಲ್ಲಿ ಇನ್ನೂ ತೀರಿಹೋದ ಅಮ್ಮನ ಹೆಸರೇ ಇರುತ್ತದೆ. ನಾಮಿನಿ ಅಂದರೆ ವಾರಸುದಾರರು ಅಂತಲೇ ಅರ್ಥ ಅಲ್ಲ. ಕೆಲವು ಕಡೆ ಹಣವನ್ನು ತೆಗೆದುಕೊಂಡು ಹಕ್ಕುದಾರರಿಗೆ ತಲುಪಿಸುವ ಕೆಲಸ ಮಾತ್ರ ಅವರದು. ಮೂರನೆಯದು, ಅಪ್ಪನ ನಂತರ ಹೊಸಬರು ಎಲ್ಲಿ ಇರುತ್ತಾರೆ? ಮನೆ ಮಕ್ಕಳಿಗೆ, ಬದುಕಿರುವ ತನಕ ವಾಸದ ಹಕ್ಕು ಹೊಸಬರಿಗೆ ಅನ್ನುವ ಏರ್ಪಾಡು ಅನೇಕ ಕಡೆ ಸಾಧ್ಯ. ನನಗೆ ಇದು ಇಬ್ಬರಿಗೂ ಗೌರವದ ದಾರಿ ಅನ್ನಿಸುತ್ತದೆ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ: ಅಪ್ಪ ಐಸಿಯುನಲ್ಲಿದ್ದರೆ ವೈದ್ಯರು ಯಾರನ್ನು ಕೇಳಬೇಕು?

ಎಚ್ಚರಿಕೆ: ಈ ಮಾತನ್ನು “ನಮಗೇನು ಬರುತ್ತೆ” ಅಂತ ಶುರು ಮಾಡಬೇಡಿ. “ನಿಮ್ಮ ಇಷ್ಟ ಏನು ಅಂತ ಬರೆದಿಡಿ, ಆಮೇಲೆ ನಾವು ಜಗಳ ಆಡೋದು ಬೇಡ” ಅನ್ನಿ. ಮತ್ತೆ ವಕೀಲರ ಹತ್ತಿರ ಅಪ್ಪ ಒಬ್ಬರೇ ಒಳಗೆ ಹೋಗಲಿ. ಮಗನೋ ಹೊಸಬರೋ ಪಕ್ಕದಲ್ಲಿ ಕೂತು ಬರೆಸಿದ ಉಯಿಲನ್ನು ಒತ್ತಡದಿಂದ ಬರೆಸಿದ್ದು ಅಂತ ಪ್ರಶ್ನಿಸುವುದು ಸುಲಭ.

7. ಹಳೆಯ ಗುಟ್ಟು ಹೊರಬಂದರೆ

ಸಾವಿನ ನಂತರ ಬೀರು ತೆಗೆಯುತ್ತೇವೆ. ಬೀರಿನಲ್ಲಿ ಬಟ್ಟೆ ಮಾತ್ರ ಇರುವುದಿಲ್ಲ.

ಪತ್ರ, ಫೋಟೊ, ಡೈರಿ ಸಿಕ್ಕರೆ ಮೂರು ‘ಬೇಡ’: ಸುಡಬೇಡಿ, ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಬೇಡಿ, ಅವತ್ತೇ ಅಪ್ಪನ ಮುಂದೆ ಹಿಡಿಯಬೇಡಿ. ಒಂದು ಕವರಿಗೆ ಹಾಕಿ, ಸಿಕ್ಕ ದಿನ ಬರೆದು ಒಂದು ತಿಂಗಳು ಇಟ್ಟುಬಿಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಬದುಕಿರುವ ಯಾರ ಬದುಕನ್ನಾದರೂ ಬದಲಿಸುತ್ತದಾ? ಅಮ್ಮ ಮದುವೆಗೆ ಮೊದಲು ಯಾರನ್ನೋ ಇಷ್ಟಪಟ್ಟಿದ್ದರು ಅನ್ನುವುದು ಖಾಸಗಿ ಡಬ್ಬಿಗೆ ಹೋಗುತ್ತದೆ, ಅದು ಅಮ್ಮನ ಜೊತೆಗೇ ಹೋಗಲಿ. ನಿಮಗೊಬ್ಬ ಅಣ್ಣ ಇದ್ದಾನೆ ಅನ್ನುವುದು ಹಾಗಲ್ಲ.

ಹುಟ್ಟಿನ ಗುಟ್ಟಿನ ವಿಷಯದಲ್ಲಿ ಜನ ಮಾಡುವ ತಪ್ಪುಗಳು ಜಾಸ್ತಿ. ಮೊದಲನೆಯದು ರಕ್ತದ ಗುಂಪು. “ಅಪ್ಪ ಎ, ಅಮ್ಮ ಬಿ, ನಾನು ಒ. ಹೇಗೆ ಸಾಧ್ಯ?” ಅಂತ ರಾತ್ರಿಯೆಲ್ಲ ನಿದ್ದೆ ಬಿಟ್ಟವರಿದ್ದಾರೆ. ಸಾಧ್ಯ, ಮಾಮೂಲಿ ವಿಷಯ. ಅಪ್ಪ ಅಮ್ಮ ಇಬ್ಬರಲ್ಲೂ ಒ ಗುಣ ಅಡಗಿ ಕೂತಿರಬಹುದು.

ಎರಡನೆಯದು ಡಿಎನ್‌ಎ ಪರೀಕ್ಷೆ. ಒಂದೇ ತಂದೆತಾಯಿಯ ಮಕ್ಕಳಲ್ಲಿ ಡಿಎನ್‌ಎ ಸುಮಾರು ಶೇ 50 ಹೊಂದುತ್ತದೆ. ತಂದೆ ಅಥವಾ ತಾಯಿ ಮಾತ್ರ ಒಂದೇ ಆಗಿದ್ದರೆ ಸುಮಾರು ಶೇ 25. ಆದರೆ ಚಿಕ್ಕಪ್ಪ, ಅತ್ತೆ, ಅಜ್ಜ, ಅಜ್ಜಿಯ ಜೊತೆಗೂ ಸುಮಾರು ಶೇ 25ರಷ್ಟೇ ಹೊಂದುತ್ತದೆ. ಅಂದರೆ ಪರೀಕ್ಷೆ ಮಾಡುವ ಕಂಪನಿ ಕೊಡುವ ಬಂಧುಗಳ ಪಟ್ಟಿಯಲ್ಲಿ ಗೊತ್ತಿಲ್ಲದ ಒಬ್ಬರು ಶೇ 25 ಹೊಂದಿದರು ಅಂದರೆ ಅವರು ಅಪ್ಪನ ಮಗ ಅಂತಲೇ ಅಲ್ಲ. ತಾತ ಅಜ್ಜಿ ಇಬ್ಬರಿಗೂ ಹುಟ್ಟಿ ಬೇರೆ ಕಡೆ ಬೆಳೆದ ಮಗ, ಅಂದರೆ ನಿಮ್ಮ ಚಿಕ್ಕಪ್ಪನೋ ದೊಡ್ಡಪ್ಪನೋ ಆಗಿರಬಹುದು. ವಯಸ್ಸು ನೋಡಿ, ಅಮ್ಮನ ಕಡೆಯೋ ಅಪ್ಪನ ಕಡೆಯೋ ನೋಡಿ, ಆಮೇಲೆ ಬಾಯಿ ತೆರೆಯಿರಿ. ಉತ್ತರ ತಡೆದುಕೊಳ್ಳಲು ಆಗದು ಅನ್ನಿಸಿದರೆ ಪರೀಕ್ಷೆಗೆ ಕಳಿಸುವ ಮೊದಲೇ ಬಂಧುಗಳ ಪಟ್ಟಿ ತೋರಿಸುವ ಆಯ್ಕೆಯನ್ನು ಆಫ್ ಮಾಡಿ. ಅಪ್ಪನ ಬಾಚಣಿಗೆ, ಬ್ರಷ್ ಕದ್ದು ಕಳಿಸುವ ಐಡಿಯಾ ಬೇಡವೇ ಬೇಡ. ಬ್ರಿಟನ್ನಿನಲ್ಲಿ 2004ರ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಹೀಗೆ ಪರೀಕ್ಷೆ ಮಾಡಿಸುವುದು ಅಪರಾಧ.

ಇನ್ನು ಎಲ್ಲಕ್ಕಿಂತ ಕಷ್ಟದ ಗುಟ್ಟು. ಈ ಸಂಬಂಧ ಅಮ್ಮ ಬದುಕಿದ್ದಾಗಲೇ ಶುರುವಾಗಿತ್ತು ಅಂತ ಗೊತ್ತಾದರೆ?

ಇಲ್ಲಿ ನಾನು ಅಪ್ಪನ ಪರ ವಾದ ಮಾಡುವುದಿಲ್ಲ. ನಿಮ್ಮ ಸಿಟ್ಟಿಗೆ ಕಾರಣ ಇದೆ. ಆದರೆ ತಾರೀಖಿನ ಜಾಡು ಹಿಡಿಯಬೇಡಿ. “ಯಾವ ತಿಂಗಳು? ಅಮ್ಮ ಆಸ್ಪತ್ರೆಯಲ್ಲಿದ್ದಾಗಲಾ?” ಅಂತ ಕೇಳುತ್ತಾ ಹೋದರೆ ಉತ್ತರವಾಗಿ ಒಂದು ತಾರೀಖು ಸಿಗುತ್ತದೆ. ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಅಮ್ಮನನ್ನು ನೋಡಿಕೊಂಡು ಸೋತುಹೋದವರಿಗೆ ಮಾತಿಗೊಬ್ಬರು ಸಿಕ್ಕಿದ್ದು ಬೇರೆ, ಹತ್ತು ವರ್ಷ ಎರಡು ಮನೆ ನಡೆಸಿದ್ದು ಬೇರೆ. ಎರಡಕ್ಕೂ ಒಂದೇ ಪದ ಹಚ್ಚುವ ಮೊದಲು ಅಪ್ಪ ಪೂರ್ತಿ ಹೇಳಲಿ. ಕೇಳಬೇಕಾದ ಪ್ರಶ್ನೆ ಒಂದೇ: “ಅಮ್ಮಂಗೆ ಗೊತ್ತಿತ್ತಾ?” ಉತ್ತರ ಏನೇ ಬರಲಿ, ಅವತ್ತಿಗೆ ಅಲ್ಲಿಗೆ ನಿಲ್ಲಿಸಿ. ಕೆಲವು ತಿಂಗಳು ದೂರ ಇರಬೇಕು ಅನ್ನಿಸಿದರೆ ಇರಿ, ಆದರೆ ಎಷ್ಟು ದಿನ ಅಂತ ಹೇಳಿ ಹೋಗಿ. ಹೇಳದೆ ಫೋನ್ ಎತ್ತುವುದನ್ನು ನಿಲ್ಲಿಸಬೇಡಿ.

8. ಹೊಸಬರ ಮೊದಲ ಭೇಟಿ, ಅಮ್ಮನ ವಸ್ತುಗಳು

ಮೊದಲ ಭೇಟಿ ಮನೆಯ ಹೊರಗೆ ಆಗಲಿ. ಒಂದು ಗಂಟೆ ಸಾಕು. ಅಮ್ಮ ಕೂರುತ್ತಿದ್ದ ಕುರ್ಚಿಯಲ್ಲಿ ಅವರು ಗೊತ್ತಿಲ್ಲದೆ ಕೂತುಬಿಟ್ಟರೆ ಅದನ್ನು ನೀವು ಹತ್ತು ವರ್ಷ ಮರೆಯುವುದಿಲ್ಲ. ಪಾಪ, ಅವರಿಗೆ ಆ ಕುರ್ಚಿಯ ವಿಷಯ ಗೊತ್ತೇ ಇರುವುದಿಲ್ಲ.

ಏನಂತ ಕರೆಯಬೇಕು? ‘ಆಂಟಿ’ ಅನ್ನಿ, ‘ಚಿಕ್ಕಮ್ಮ’ ಅನ್ನಿ, ಹೆಸರಿನ ಮುಂದೆ ‘ಅವರೇ’ ಸೇರಿಸಿ. ನಾಲಿಗೆಗೆ ಯಾವುದು ಬರುತ್ತದೋ ಅದು. ‘ಅಮ್ಮ’ ಅನ್ನಿ ಅಂತ ಯಾರೂ ಒತ್ತಾಯ ಮಾಡಬಾರದು, ಚಿಕ್ಕ ಮಕ್ಕಳಿಗಂತೂ ಮಾಡಲೇಬಾರದು. ನಮ್ಮ ಭಾಷೆಯೂ ಈ ಹೆಂಗಸರಿಗೆ ಅಷ್ಟೇನು ದಯೆ ತೋರಿಸಿಲ್ಲ. ಸರ್ಕಾರ ಅನುದಾನ ಕೊಡದಿದ್ದರೂ ಪೇಪರಿನಲ್ಲಿ ‘ಮಲತಾಯಿ ಧೋರಣೆ’ ಅಂತಲೇ ಬರೆಯುತ್ತೇವೆ.

ಮನೆಯಲ್ಲಿ ಚಿಕ್ಕವರಿದ್ದರೆ ಸಂಬಂಧ ಗಟ್ಟಿಯಾದ ಮೇಲೆಯೇ ಪರಿಚಯ ಮಾಡಿಸಲು ಅಪ್ಪನಿಗೆ ಹೇಳಿ. ಬಂದು ಹೋಗುವವರ ಸಾಲು ನೋಡಿದರೆ ಮಗುವಿಗೆ ಮತ್ತೆ ಮತ್ತೆ ಕಳೆದುಕೊಂಡ ಹಾಗಾಗುತ್ತದೆ. ಅವರಿಗೆ ಹೇಳುವಾಗ ಸುಳ್ಳು ಬೇಡ, ವಿವರವೂ ಬೇಡ. “ಇವರು ಅಪ್ಪನಿಗೆ ತುಂಬಾ ಬೇಕಾದವರು. ಅಮ್ಮನ ಜಾಗಕ್ಕೆ ಬಂದವರಲ್ಲ” ಇಷ್ಟು ಸಾಕು. ಅಮ್ಮ ಹೋದ ಮೇಲೆ ನೀವೇ ಮನೆ ನಡೆಸುತ್ತಿದ್ದರೆ ಇನ್ನೊಂದು ಕಸಿವಿಸಿ ಇರುತ್ತದೆ. ಅಡುಗೆಮನೆ, ಖರ್ಚು, ತಂಗಿಯ ಶಾಲೆ ಎಲ್ಲ ನಿಮ್ಮ ಕೈಯಲ್ಲಿತ್ತು, ಈಗ ಅದು ಜಾರುತ್ತಿದೆ. ಹೊಸಬರ ಮೇಲಿನ ಸಿಟ್ಟಿನಲ್ಲಿ ಇದರ ಪಾಲು ಎಷ್ಟು ಅಂತ ಒಮ್ಮೆ ನೋಡಿಕೊಳ್ಳಿ.

ಎಷ್ಟು ದಿನಕ್ಕೆ ಹೊಂದಿಕೆಯಾಗುತ್ತದೆ? ಇಂಥ ಕುಟುಂಬಗಳನ್ನು ದಶಕಗಳ ಕಾಲ ಗಮನಿಸಿದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಪೇಪರ್ನೋ ಪ್ರಕಾರ ಬೇಗ ಹೊಂದಿಕೊಂಡವರಿಗೂ ಸುಮಾರು 4 ವರ್ಷ ಹಿಡಿಯುತ್ತದೆ. ಆರು ತಿಂಗಳಲ್ಲಿ ಸರಿಹೋಗಲಿಲ್ಲ ಅಂತ ಯಾರೂ ಗಾಬರಿಯಾಗಬೇಕಿಲ್ಲ.

ಅಮ್ಮನ ಫೋಟೊ ಇದ್ದಲ್ಲೇ ಇರಲಿ. ತೆಗೆಯುವುದೂ ಬೇಡ, ಹೊಸಬರು ಬರುತ್ತಾರೆ ಅಂತ ಹಠಕ್ಕೆ ಇನ್ನೂ ಎರಡು ಹಾಕುವುದೂ ಬೇಡ. ಅಮ್ಮನ ಬಟ್ಟೆ, ಒಡವೆ, ಪುಸ್ತಕಗಳನ್ನು ಹೊಸಬರು ಮನೆಗೆ ಬರುವ ಮೊದಲೇ ನೀವು ಮಕ್ಕಳೆಲ್ಲ ಅಪ್ಪನ ಜೊತೆ ಕೂತು ಹಂಚಿಕೊಳ್ಳಿ. ಯಾರಿಗೆ ಏನು ಹೋಯಿತು ಅಂತ ಬರೆದು ಒಂದು ಪ್ರತಿ ಅಪ್ಪನ ಹತ್ತಿರ ಇಡಿ. ತೀರ್ಮಾನ ಆಗದ್ದನ್ನು ಒಂದು ಪೆಟ್ಟಿಗೆಗೆ ಹಾಕಿ ಒಂದು ವರ್ಷ ಬಿಡಿ.

ಅಮ್ಮನ ಫೋನ್ ನಂಬರನ್ನು ಮಾತ್ರ ಅಪ್ಪನನ್ನು ಕೇಳದೆ ರದ್ದು ಮಾಡಿಸಬೇಡಿ. ಬ್ಯಾಂಕಿನ ಒಟಿಪಿ ಇನ್ನೂ ಅದಕ್ಕೇ ಬರುತ್ತಿರಬಹುದು. ಅಮ್ಮನ ದನಿಯಲ್ಲಿರುವ ವಾಯ್ಸ್ ಮೆಸೇಜ್‌ಗಳೂ ಅದರಲ್ಲೇ ಇರಬಹುದು. ಮೊದಲು ಅವನ್ನು ಬೇರೆ ಕಡೆ ಉಳಿಸಿಕೊಳ್ಳಿ, ಒಂದು ಪ್ರತಿ ಅಪ್ಪನಿಗೂ ಕೊಡಿ. ಅವರು ಯಾವಾಗ ಕೇಳುತ್ತಾರೆ, ಕೇಳುತ್ತಾರೋ ಇಲ್ಲವೋ ಅಂತ ವಿಚಾರಿಸಲು ಹೋಗಬೇಡಿ.